ನಡುನೀರಲ್ಲಿ ಸ್ಟಾಪ್ ಇದೆಯಾ? ಸ್ವಂತ ಸಬ್‌ಮರೀನ್‌ನ ಬ್ಯಾಲಸ್ಟ್ ಟ್ಯಾಂಕ್ ಲೆಕ್ಕ

ಹೋದ ಸೆಮಿಸ್ಟರ್ ಕೊನೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಪುಟ್ಟ ಸಬ್‌ಮರೀನ್ ಮಾಡೆಲ್ ಕಟ್ಟಿದ್ವಿ. 110 ಮಿ.ಮೀ. ಪಿವಿಸಿ ಪೈಪು ಅರ್ಧ ಮೀಟರ್, ಎರಡೂ ತುದಿಗೆ ಎಂಡ್ ಕ್ಯಾಪ್, ಎಡಕ್ಕೊಂದು ಬಲಕ್ಕೊಂದು ಅರ್ಧ ಲೀಟರ್ ನೀರಿನ ಬಾಟಲಿ. ಬಾಟಲಿಗಳ ಕೆಳಮೈಯಲ್ಲಿ ನೀರು ಬರೋಕೆ ತೂತು, ಮೇಲ್ಮೈಯಲ್ಲಿ ಅಕ್ವೇರಿಯಂ ಟ್ಯೂಬು. ಟ್ಯೂಬಿನ ಇನ್ನೊಂದು ತುದಿ ದಡದಲ್ಲಿ, ನಮ್ಮ ಕೈಯಲ್ಲಿ. ನಮ್ಮ ಥಿಯರಿ ತುಂಬಾ ಸಿಂಪಲ್ಲಾಗಿತ್ತು. ಬಾಟಲಿ ತುಂಬ ಗಾಳಿ ಇದ್ದರೆ ತೇಲುತ್ತೆ. ಬಾಟಲಿ ತುಂಬ ನೀರಿದ್ದರೆ ಮುಳುಗುತ್ತೆ. ಸ್ವಲ್ಪ ಗಾಳಿ, ಸ್ವಲ್ಪ ನೀರು ಇಟ್ಟರೆ ನಡುನೀರಲ್ಲಿ ನಿಲ್ಲುತ್ತೆ.

ಮೊದಲ ಎರಡು ನಿಜ. ಮೂರನೆಯದನ್ನು ನಂಬಿ ನಾವು ಒಂದು ಇಡೀ ಸಂಜೆ ಕಳೆದ್ವಿ. ಮಾಡೆಲ್ ಮೇಲೆ ತೇಲ್ತಾ ಇರುತ್ತೆ, ಗಾಳಿಯನ್ನು ಚೂರು ಚೂರೇ ಬಿಡ್ತೀವಿ, ಅದರ ಬೆನ್ನು ನೀರಿನ ಮಟ್ಟಕ್ಕೆ ಬರುತ್ತೆ, ಇನ್ನೊಂದು ಚೂರು ಬಿಟ್ಟ ಕೂಡಲೇ ಸೀದಾ ತಳಕ್ಕೆ. ಎರಡೂವರೆ ಮೀಟರ್ ಕೆಳಗೆ ಹೋಗಿ ಕೂತುಬಿಡುತ್ತೆ. ಸೈಕಲ್ ಪಂಪಿನಿಂದ ಗಾಳಿ ಒತ್ತಿದರೆ ಸ್ವಲ್ಪ ಹೊತ್ತು ಏನೂ ಆಗಲ್ಲ, ಆಮೇಲೆ ಒಮ್ಮೆಗೇ ಎದ್ದು, ಅರ್ಧ ಮೈ ನೀರಿನಿಂದ ಹೊರಗೆ ಹಾರುತ್ತೆ. ಪೂಲ್ ನೋಡ್ಕೊಳ್ಳೋ ಅಣ್ಣ ಒಂದು ಗಂಟೆ ಸುಮ್ಮನೆ ನೋಡ್ತಾ ಇದ್ದು, "ಏನ್ರಪ್ಪಾ, ಇದಕ್ಕೆ ಮಧ್ಯದಲ್ಲಿ ಸ್ಟಾಪೇ ಇಲ್ವಾ?" ಅಂದ್ರು.

ಇಲ್ಲ. ಆ ತರಹದ ಟ್ಯಾಂಕಿಗೆ ಮಧ್ಯದಲ್ಲಿ ಸ್ಟಾಪ್ ಇರೋಕೇ ಸಾಧ್ಯ ಇಲ್ಲ. ಅದು ಯಾಕೆ, ಹಾಗಾದ್ರೆ ನಿಜವಾದ ಸಬ್‌ಮರೀನ್ ಹೇಗೆ ನಿಲ್ಲುತ್ತೆ ಅಂತ ಹುಡುಕ್ತಾ ಹೋಗಿ ನಾವು ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ.

ನಮ್ಮದು 5 ಕೆ.ಜಿ. ಆಟಿಕೆ, ತಳ ಮುಟ್ಟಿದರೆ ಯಾರಿಗೂ ನಷ್ಟ ಇಲ್ಲ. ಆದರೆ ತಾವೇ ಒಳಗೆ ಕೂತು ಮುಳುಗೋ ಸಬ್‌ಮರೀನನ್ನ ಸ್ವಂತವಾಗಿ ಕಟ್ಟೋ ಜನ ನಿಜಕ್ಕೂ ಇದ್ದಾರೆ. ಅಮೆರಿಕದ ನೌಕಾಪಡೆಯಿಂದ ನಿವೃತ್ತರಾದ ಜಾರ್ಜ್ ಕಿಟ್ರೆಡ್ಜ್ ಅನ್ನೋರು ಕೆ-250, ಕೆ-350 ಅಂತ ಚಿಕ್ಕ ಸಬ್‌ಮರೀನ್‌ಗಳ ಡಿಸೈನ್ ಮಾಡಿದ್ರು. ಹೆಸರಿನಲ್ಲಿರೋ ಸಂಖ್ಯೆ ಅದು ಇಳಿಯಬಹುದಾದ ಆಳ, ಅಡಿಗಳಲ್ಲಿ. ಆ ಪ್ಲಾನ್‌ಗಳನ್ನ ಇಟ್ಕೊಂಡು ಎಷ್ಟೋ ಹವ್ಯಾಸಿಗಳು ವೆಲ್ಡಿಂಗ್ ಶುರು ಮಾಡಿದ್ರು. ಕಾರ್ಲ್ ಸ್ಟ್ಯಾನ್ಲಿ ತನ್ನ ಮೊದಲ ಸಬ್‌ಮರೀನ್ ಕಟ್ಟೋಕೆ ಕೈಹಾಕಿದಾಗ ಅವನ ವಯಸ್ಸು 15, ನಮಗಿಂತ ನಾಲ್ಕು ವರ್ಷ ಕಮ್ಮಿ. ಸಿ-ಬಗ್ ಅಂತ ಅದರ ಹೆಸರು. ಬ್ಯಾಲಸ್ಟ್ ಬದಲಾಯಿಸಿ ಮೇಲೆ ಕೆಳಗೆ ಹೋಗ್ತಾ, ರೆಕ್ಕೆಗಳಿಂದ ಮುಂದಕ್ಕೆ ಜಾರೋ ಗ್ಲೈಡರ್. ಅಂದ್ರೆ ಬ್ಯಾಲಸ್ಟೇ ಅದರ ಇಂಜಿನ್.

ಈಗ ನಮ್ಮ ತಪ್ಪಿಗೆ ಬರೋಣ. ಆರ್ಕಿಮಿಡಿಸ್ ನಮಗೆ ನೆನಪಿದ್ದ. ನಾವು ಮರೆತಿದ್ದು ಬಾಯ್ಲ್‌ನನ್ನ. ಪಿಯುಸಿಯಲ್ಲಿ ಐದು ಮಾರ್ಕ್ಸಿಗೆ ಬರೆದ ಅದೇ ಬಾಯ್ಲ್ ನಿಯಮ. ನೀರಿನಲ್ಲಿ ಸುಮಾರು 10 ಮೀಟರ್ ಇಳಿದರೆ ಒಂದು ಬಾರ್ ಒತ್ತಡ ಜಾಸ್ತಿ ಆಗುತ್ತೆ, ಗಾಳಿ ಅದಕ್ಕೆ ತಕ್ಕ ಹಾಗೆ ಕುಗ್ಗುತ್ತೆ. ನಮ್ಮ ಮಾಡೆಲ್ ತೇಲೋದಕ್ಕೂ ಮುಳುಗೋದಕ್ಕೂ ನಡುವಿನ ಗೆರೆಗೆ ಬಂದಾಗ ಬಾಟಲಿಗಳಲ್ಲಿ ಒಟ್ಟು 200 ಮಿ.ಲೀ. ಗಾಳಿ ಇತ್ತು ಅಂತ ಇಟ್ಕೊಳ್ಳಿ. ಒಂದು ಮೀಟರ್ ಕೆಳಗೆ ಅದೇ ಗಾಳಿ 182 ಮಿ.ಲೀ. ಆಗುತ್ತೆ. ಖಾಲಿಯಾದ ಜಾಗಕ್ಕೆ ಕೆಳಗಿನ ತೂತಿಂದ 18 ಮಿ.ಲೀ. ನೀರು ಬರುತ್ತೆ, ಅಂದ್ರೆ 18 ಗ್ರಾಂ ಭಾರ. ನಾಲ್ಕೈದು ಒಂದು ರೂಪಾಯಿ ನಾಣ್ಯ ಇಟ್ಟ ಹಾಗೆ, ಅಷ್ಟೇ. ಆದರೆ ಆ ಭಾರಕ್ಕೆ ಇನ್ನೂ ಕೆಳಗೆ ಹೋಗುತ್ತೆ, ಕೆಳಗೆ ಹೋದಷ್ಟೂ ಗಾಳಿ ಇನ್ನೂ ಕುಗ್ಗುತ್ತೆ, ತಳ ಮುಟ್ಟೋ ಹೊತ್ತಿಗೆ 39 ಗ್ರಾಂ. ಮೇಲೆ ಬರುವಾಗ ಇದೇ ಕಥೆ ತಿರುಗಾಮುರುಗ: ಒಂದು ಚೂರು ಎದ್ದರೆ ಗಾಳಿ ಹಿಗ್ಗುತ್ತೆ, ಹಿಗ್ಗಿದರೆ ಇನ್ನೂ ಹಗುರ, ಅದಕ್ಕೇ ರಾಕೆಟ್.

ಬೋರಲು ಹಾಕಿದ ಬಟ್ಟಲ ಮೇಲೆ ಗೋಲಿ ನಿಲ್ಲಿಸೋಕೆ ಹೋದ ಹಾಗೆ ಇದು. ಬ್ಯಾಲೆನ್ಸ್ ಆಗೋ ಒಂದು ಬಿಂದು ಖಂಡಿತ ಇದೆ, ಅಲ್ಲಿ ನಿಲ್ಲೋಕಾಗಲ್ಲ ಅಷ್ಟೇ. ಪೂಲ್ ಬೇಡ, ಹಾಸ್ಟೆಲ್ ರೂಮಿನಲ್ಲೇ ನೋಡಬಹುದು. ಪೆನ್ನಿನ ಕ್ಯಾಪಿನ ತಲೆಯಲ್ಲಿ ತೂತಿದ್ದರೆ ಮುಚ್ಚಿ, ಬಾಯಿಯ ಅಂಚಿಗೆ ಚೂರು ಜೇಡಿಮಣ್ಣು ಅಂಟಿಸಿ, ಬಾಯಿ ಕೆಳಗೆ ಮಾಡಿ, ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ತಲೆ ಮಾತ್ರ ಕಾಣೋ ಹಾಗೆ ತೇಲಿಬಿಡಿ. ಮುಚ್ಚಳ ಹಾಕಿ ಬಾಟಲಿ ಹಿಸುಕಿದರೆ ಕ್ಯಾಪ್ ಮುಳುಗುತ್ತೆ, ಬಿಟ್ಟರೆ ಏಳುತ್ತೆ. ಮಧ್ಯದಲ್ಲಿ ನಿಲ್ಲಿಸೋಕೆ ಟ್ರೈ ಮಾಡಿ. ಕೈ ಒಂದೇ ಸಮನೆ ಬಿಗಿ-ಸಡಿಲ ಮಾಡ್ತಾ ಇದ್ದರೆ ಮಾತ್ರ ನಿಲ್ಲುತ್ತೆ.

ಅದಕ್ಕೇ ಚಿಕ್ಕ ಸಬ್‌ಮರೀನ್‌ನಲ್ಲೂ ಬ್ಯಾಲಸ್ಟ್ ಅನ್ನೋದು ಒಂದೇ ಕೆಲಸ ಅಲ್ಲ. ನಮ್ಮ ಬಾಟಲಿಯಂಥ, ತಳ ತೆರೆದ ಟ್ಯಾಂಕಿಗೆ ಸಾಫ್ಟ್ ಟ್ಯಾಂಕ್ ಅಂತಾರೆ, ಮೇನ್ ಬ್ಯಾಲಸ್ಟ್ ಅಂತಲೂ ಕರೀತಾರೆ. ಅದು ಲೈಟಿನ ಸ್ವಿಚ್ ಇದ್ದ ಹಾಗೆ: ಪೂರ್ತಿ ಗಾಳಿ ಅಥವಾ ಪೂರ್ತಿ ನೀರು. ಫ್ಯಾನ್ ರೆಗ್ಯುಲೇಟರ್ ತರ ಅಳತೆ ಮಾಡಿ ತೂಕ ಹೆಚ್ಚು ಕಮ್ಮಿ ಮಾಡೋಕೆ ಹಾರ್ಡ್ ಟ್ಯಾಂಕ್ ಬೇಕು. ಎರಡೂ ಕೈಕೊಟ್ಟರೆ ಬಿಟ್ಟುಹಾಕೋಕೆ ಒಂದು ತೂಕ ಬೇಕು.

ಒಬ್ಬರು ಕೂರೋ ಒಂದು ಸಬ್‌ಮರೀನ್ ಊಹಿಸಿಕೊಳ್ಳಿ. ಮೇನ್ ಬ್ಯಾಲಸ್ಟ್ ಬಿಟ್ಟು ಅದು ಪಲ್ಲಟಿಸೋ ನೀರು 2000 ಲೀಟರ್, ಒಟ್ಟು ತೂಕ 2000 ಕೆ.ಜಿ. ಅಂದ್ರೆ ಸಾಫ್ಟ್ ಟ್ಯಾಂಕುಗಳಲ್ಲಿ ನೀರು ತುಂಬಿದಾಗ ಸಿಹಿನೀರಲ್ಲಿ ಸರಿಸಮ. ಸಾಫ್ಟ್ ಟ್ಯಾಂಕ್ ಎಷ್ಟು ದೊಡ್ಡದಿರಬೇಕು? ಇದನ್ನ ನಿರ್ಧರಿಸೋದು ಮುಳುಗೋ ಕೆಲಸ ಅಲ್ಲ, ತೇಲೋ ಕೆಲಸ. ಮೇಲೆ ಬಂದು ಮುಚ್ಚಳ ತೆಗೆದಾಗ ಅಲೆ ಒಳಗೆ ನುಗ್ಗಬಾರದು. ಮುಂದೆ 150, ಹಿಂದೆ 150, ಒಟ್ಟು 300 ಲೀಟರ್ ಇಟ್ಟರೆ ಮೇಲೆ ಬಂದಾಗ 300 ಲೀಟರಿನಷ್ಟು ಮೈ ನೀರಿಂದ ಹೊರಗಿರುತ್ತೆ, ಒಟ್ಟು ಗಾತ್ರದ 13% ಹತ್ತಿರ. ಒಂದೇ ದೊಡ್ಡ ಟ್ಯಾಂಕ್ ಬದಲು ಎರಡು ಯಾಕೆ ಅಂದ್ರೆ, ಒಂದೇ ಆದರೆ ಅದು ಸರಿಯಾಗಿ ಭಾರಕೇಂದ್ರದ ಹತ್ತಿರವೇ ಇರಬೇಕು, ಅಲ್ಲಿ ಮನುಷ್ಯ ಕೂತಿರ್ತಾನೆ.

ಸಾಫ್ಟ್ ಟ್ಯಾಂಕಿನ ಒಳ್ಳೇ ಗುಣ ಏನಂದ್ರೆ ಗೋಡೆ ತೆಳ್ಳಗಿದ್ದರೂ ನಡೆಯುತ್ತೆ. ತಳ ತೆರೆದಿರೋದರಿಂದ ಒಳಗೂ ಹೊರಗೂ ಒತ್ತಡ ಹೆಚ್ಚುಕಮ್ಮಿ ಒಂದೇ. ತೆಳು ತಗಡು, ಫೈಬರ್ ಗ್ಲಾಸ್ ಯಾವುದಾದ್ರೂ ಸಾಕು. ಹಾಗಂತ ತಳದ ತೂತನ್ನ ಚಿಕ್ಕದು ಮಾಡಿದರೆ ಕೆಟ್ಟೆವು. ಗಾಳಿ ಬರೋ ವೇಗಕ್ಕೆ ನೀರು ಹೊರಗೆ ಹೋಗದೇ ಇದ್ದರೆ ಆ ತೆಳು ಗೋಡೆ ಬಲೂನಿನ ಹಾಗೆ ಉಬ್ಬುತ್ತೆ. 30 ಮೀಟರ್ ಆಳದಲ್ಲಿ ಟ್ಯಾಂಕ್ ತುಂಬಿದ 300 ಲೀಟರ್ ಗಾಳಿ ಮೇಲೆ ಬರೋ ಹೊತ್ತಿಗೆ 1200 ಲೀಟರ್ ಆಗೋಕೆ ನೋಡುತ್ತೆ. ಮಿಕ್ಕ 900 ಲೀಟರ್ ಆ ತೂತುಗಳಿಂದಲೇ ಗುಳುಗುಳು ಅಂತ ಹೊರಗೆ ಹೋಗಬೇಕು.

ಮೇಲ್ಗಡೆ ಇರೋ ವೆಂಟ್ ವಾಲ್ವ್ ನಮಗೆ ಮೊದಲು ಅಷ್ಟೇನೂ ಮುಖ್ಯ ಅನ್ನಿಸಿರಲಿಲ್ಲ. ಗಾಳಿ ಬಿಡೋದು ತಾನೇ, ಎಲ್ಲಿ ಬೇಕಾದ್ರೂ ಇಡಬಹುದು ಅಂತ. ಆದರೆ ವೆಂಟ್ ಟ್ಯಾಂಕಿನ ಅತಿ ಎತ್ತರದ ಜಾಗದಲ್ಲಿ ಇಲ್ಲದೇ ಹೋದರೆ ಮೂಲೆಯಲ್ಲಿ ಗಾಳಿ ಉಳಿಯುತ್ತೆ. 300 ಲೀಟರಲ್ಲಿ 6 ಲೀಟರ್ ಉಳೀತು ಅಂದುಕೊಳ್ಳಿ, ಬರೀ 2%. ಮೇಲ್ಗಡೆ ಆ 6 ಲೀಟರ್ ಸೇರಿಸಿಯೇ ಬ್ಯಾಲೆನ್ಸ್ ಮಾಡಿಕೊಂಡು ಇಳಿದರೆ, 10 ಮೀಟರಿನಲ್ಲಿ ಅದು 3 ಲೀಟರ್ ಆಗುತ್ತೆ, ಸಬ್‌ಮರೀನ್ 3 ಕೆ.ಜಿ. ಭಾರ ಆಗುತ್ತೆ, ಮತ್ತೆ ಅದೇ ಬೋರಲು ಬಟ್ಟಲು, ಅದೇ ಗೋಲಿ. ಇನ್ನೊಂದು ತಮಾಷೆ: ನೇರ ಇದ್ದಾಗ ಅತಿ ಎತ್ತರದ ಜಾಗ, ಮೂಗು ಕೆಳಗೆ ವಾಲಿದಾಗ ಅತಿ ಎತ್ತರದ್ದು ಅಲ್ಲ. ಹಾಗಾಗಿ ಚಿಕ್ಕ ಸಬ್‌ಮರೀನ್ ಸಮವಾಗಿ, ನಿಧಾನವಾಗಿ ಇಳೀಬೇಕು. ವೆಂಟ್ ಸಣ್ಣಗೆ ಸೋರ್ತಾ ಇದ್ದರೆ ಇನ್ನೊಂದು ಅಪಾಯ. ಸಾಯಂಕಾಲ ದಡಕ್ಕೆ ಕಟ್ಟಿ ಮನೆಗೆ ಹೋದರೆ ರಾತ್ರಿಯೆಲ್ಲಾ ಗಾಳಿ ಹೋಗಿ, ಬೆಳಿಗ್ಗೆ ಹಗ್ಗ ಮಾತ್ರ ಕಾಣಬಹುದು.

ಇನ್ನು ನೀರನ್ನ ಹೊರಗೆ ತಳ್ಳೋ ಗಾಳಿ. ಸ್ಕೂಬಾ ಸಿಲಿಂಡರ್ ಒಂದರ ಒಳಗಾತ್ರ ಸುಮಾರು 11 ಲೀಟರ್, ಒತ್ತಡ 200 ಬಾರ್. ಮೇಲ್ಮೈ ಲೆಕ್ಕದಲ್ಲಿ 2200 ಲೀಟರ್ ಗಾಳಿ. ಕೇಳೋಕೆ ಜೋರಾಗಿದೆ. 30 ಮೀಟರ್ ಆಳದಲ್ಲಿ ಹೊರಗಿನ ಒತ್ತಡ 4 ಬಾರ್, 300 ಲೀಟರ್ ಟ್ಯಾಂಕ್ ಪೂರ್ತಿ ಊದೋಕೆ 1200 ಲೀಟರ್ ಬೇಕು. ಒಂದು ಸಲ ಆಗುತ್ತೆ, ಎರಡನೇ ಸಲಕ್ಕೆ ಸಾಲಲ್ಲ. 100 ಮೀಟರಲ್ಲಿ ಒತ್ತಡ 11 ಬಾರ್, ಬೇಕಾಗಿರೋದು 3300 ಲೀಟರ್. ಸಿಲಿಂಡರಿನ ಒತ್ತಡ 11 ಬಾರಿಗೆ ಇಳಿದ ಮೇಲೆ ಅದರಿಂದ ಏನೂ ಹೊರಗೆ ಬರಲ್ಲ, ಹಾಗಾಗಿ ನಿಜವಾಗಿ ಸಿಗೋದು 2080 ಲೀಟರ್ ಹತ್ತಿರ. ಟ್ಯಾಂಕ್ 190 ಲೀಟರ್ ಖಾಲಿ ಆಗೋ ಹೊತ್ತಿಗೆ ಸಿಲಿಂಡರ್ ಮುಗೀತು. 190 ಲೀಟರ್ ಸಿಕ್ಕರೆ ಸಬ್‌ಮರೀನ್ ಏಳೋಕೆ ಶುರು ಮಾಡುತ್ತೆ, ಏಳ್ತಾ ಗಾಳಿ ತಾನೇ ಹಿಗ್ಗಿ ಮಿಕ್ಕ ಕೆಲಸ ಮಾಡುತ್ತೆ ನಿಜ. ಆದರೆ ಒಳಗೆ ನೀರು ನುಗ್ಗಿದ್ದರೆ? ಮಾಮೂಲಿ ದಿನ ಮೋಟಾರಿಂದಲೋ ಹಾರ್ಡ್ ಟ್ಯಾಂಕಿಂದಲೋ ಮೇಲೆ ಬಂದು, ಅಲ್ಲಿ ಸಾಫ್ಟ್ ಟ್ಯಾಂಕ್ ಊದೋದೇ ಜಾಣತನ. ಸಿಲಿಂಡರ್ ತುಂಬ ಗಾಳಿ ಇರಬೇಕಾಗಿರೋದು ಮಾಮೂಲಿ ಅಲ್ಲದ ದಿನಕ್ಕೆ.

ಗಾಳಿ ಇದ್ದರೂ ಬರದೇ ಹೋಗಬಹುದು. 1963ರ ಏಪ್ರಿಲ್ 10ರಂದು ಅಮೆರಿಕದ ಅಣುಶಕ್ತಿ ಸಬ್‌ಮರೀನ್ ಥ್ರೆಷರ್ ಅಟ್ಲಾಂಟಿಕ್‌ನಲ್ಲಿ ಆಳದ ಪರೀಕ್ಷೆ ಮಾಡ್ತಾ ಮುಳುಗಿ 129 ಜನ ಸತ್ತರು. ಅದರ ಕಾರಣಗಳ ಸರಪಳಿ ಉದ್ದ ಇದೆ, ನಮ್ಮ ವಿಷಯಕ್ಕೆ ಸೇರಿದ್ದು ಒಂದು ಕೊಂಡಿ. ದುರಂತದ ಮೇಲೆ ಟಿನೋಸಾ ಅನ್ನೋ ಇನ್ನೊಂದು ಸಬ್‌ಮರೀನ್‌ನಲ್ಲಿ, ದಡದಲ್ಲೇ ಕಟ್ಟಿಟ್ಟು, ಬ್ಯಾಲಸ್ಟ್ ಊದಿ ನೋಡಿದ್ರು. ಹೆಚ್ಚು ಒತ್ತಡದ ಗಾಳಿ ಒಮ್ಮೆಲೇ ಹಿಗ್ಗಿದಾಗ ತಣ್ಣಗಾಗುತ್ತೆ, ಅದರಲ್ಲಿದ್ದ ತೇವ ಹೆಪ್ಪುಗಟ್ಟಿ ವಾಲ್ವಿನ ಜಾಲರಿಯಲ್ಲಿ ಮಂಜುಗಡ್ಡೆ ಆಗಿ ದಾರಿ ಮುಚ್ಚಿಬಿಟ್ಟಿತ್ತು. ಥರ್ಮೋ ಕ್ಲಾಸಿನಲ್ಲಿ ಥ್ರಾಟ್ಲಿಂಗ್ ಪಾಠ ನಡೀವಾಗ ನಿದ್ದೆ ಮಾಡಿದವರಲ್ಲಿ ನಾವೂ ಇದ್ವಿ, ಈಗ ಆ ಪುಟ ತೆಗೆದು ಓದಿದ್ದೀವಿ. ಸ್ವಂತವಾಗಿ ಕಟ್ಟೋರಿಗೆ ಇದರಿಂದ ಸಿಗೋದು ಇಷ್ಟು: ಸಿಲಿಂಡರಿಗೆ ಒಣಗಾಳಿ ತುಂಬಿಸಿ, ಪೈಪು ದಪ್ಪ ಇಡಿ, ಮುಂದಿನ ಟ್ಯಾಂಕಿಗೂ ಹಿಂದಿನದಕ್ಕೂ ಬೇರೆ ಬೇರೆ ಸಿಲಿಂಡರಿಂದ ಬೇರೆ ಬೇರೆ ದಾರಿ ಇಡಿ.

ಹಾರ್ಡ್ ಟ್ಯಾಂಕ್ ಬೇರೆ ಜಾತಿ. ಇದು ಮುಚ್ಚಿದ ಪಾತ್ರೆ, ಹೊರಗಿನ ಪೂರ್ತಿ ಒತ್ತಡ ತಡೀಬೇಕು, ಸಬ್‌ಮರೀನಿನ ಮುಖ್ಯ ಮೈಯಷ್ಟೇ ಗಟ್ಟಿ ಇರಬೇಕು. ಒಳಗೆ ಬಿಟ್ಟ ನೀರು ಆಳ ಬದಲಾದರೂ ಅಷ್ಟೇ ಇರುತ್ತೆ, ಅದಕ್ಕೇ ಇದರಿಂದ ನಡುನೀರಲ್ಲಿ ನಿಲ್ಲಬಹುದು. ಎಷ್ಟು ದೊಡ್ಡದು? ಇವತ್ತು 55 ಕೆ.ಜಿ. ಮನುಷ್ಯ, ನಾಳೆ 90 ಕೆ.ಜಿ. ಮನುಷ್ಯ, ವ್ಯತ್ಯಾಸ 35 ಲೀಟರ್. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು 2.5% ಸಾಂದ್ರ, 2000 ಲೀಟರಿಗೆ ಅದು 50 ಕೆ.ಜಿ. ಶರಾವತಿ ಹಿನ್ನೀರಲ್ಲಿ ಸರಿಸಮ ಮಾಡಿದ ಸಬ್‌ಮರೀನನ್ನ ಹೊನ್ನಾವರಕ್ಕೆ ತಗೊಂಡು ಹೋದರೆ 50 ಕೆ.ಜಿ. ಹೆಚ್ಚುವರಿ ನೀರು ಕುಡಿಯದೆ ಅದು ಮುಳುಗೋದೇ ಇಲ್ಲ. ಎಲ್ಲಾ ಸೇರಿ 100 ಲೀಟರ್ ಟ್ಯಾಂಕ್ ಬೇಕಾಗುತ್ತೆ.

ಅಥವಾ ಬೇಡ. ನಮ್ಮ ಗುಂಪಿನಲ್ಲಿ ಇದರ ಮೇಲೆ ಎರಡು ದಿನ ಜಗಳ ಆಯ್ತು, ಕೊನೆಗೆ ಮೂರು ಓಟು ಸೀಸಕ್ಕೆ ಬಿತ್ತು. ಮನುಷ್ಯನ ತೂಕ, ಉಪ್ಪುನೀರು-ಸಿಹಿನೀರು ಇವೆರಡೂ ದಡದಲ್ಲೇ ಗೊತ್ತಿರೋ ವಿಷಯ. ಅದಕ್ಕೆ ಸೀಸದ ಗಟ್ಟಿಗಳನ್ನ ಇಟ್ಟು ತೆಗೆದು ಮಾಡಿದರೆ ಸಾಕು. ನೀರಿನಲ್ಲಿ ಇಳಿದ ಮೇಲಿನ ಹೆಚ್ಚುಕಮ್ಮಿಗೆ 40 ಲೀಟರ್ ಹಾರ್ಡ್ ಟ್ಯಾಂಕ್ ಸಾಲುತ್ತೆ. ಒತ್ತಡ ತಡೆಯೋ ಪಾತ್ರೆ ಚಿಕ್ಕದಾದಷ್ಟೂ ವೆಲ್ಡಿಂಗ್ ಕಮ್ಮಿ, ಭಯ ಕಮ್ಮಿ. ಇದರ ನೀರನ್ನ ಹೊರಗೆ ಹಾಕೋ ಪಂಪ್ ಬಗ್ಗೆಯೂ ಎಚ್ಚರ ಬೇಕು. ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸೋ ಪಂಪಿನ ಮೇಲೆ ಹೆಡ್ ಇಷ್ಟು ಮೀಟರ್ ಅಂತ ಬರೆದಿರುತ್ತಲ್ಲ, 30 ಮೀಟರ್ ಆಳದಲ್ಲಿ ಟ್ಯಾಂಕ್ ಖಾಲಿ ಮಾಡೋಕೆ 30 ಮೀಟರಿಗಿಂತ ಜಾಸ್ತಿ ಹೆಡ್ ಬೇಕು. ನಾಲ್ಕನೇ ಮಹಡಿಗೆ ನೀರೇರಿಸೋಕೆ ಸಾಕಾಗೋ ಪಂಪು ಅಲ್ಲಿ ಸುಮ್ಮನೆ ತಿರುಗ್ತಾ ಇರುತ್ತೆ.

ಹಾರ್ಡ್ ಟ್ಯಾಂಕ್ ಅರ್ಧ ತುಂಬಿರೋದೇ ಮಾಮೂಲಿ, ಆಗ ನೀರು ತುಳುಕುತ್ತೆ. ಮೇಲೆ ತೇಲೋ ದೋಣಿಗೆ ಅದರ ಉದ್ದವೇ ಮೂಗು ಮುಳುಗದ ಹಾಗೆ ಕಾಪಾಡುತ್ತೆ. ಪೂರ್ತಿ ಮುಳುಗಿದ ಮೇಲೆ ಆ ಸಹಾಯ ಇಲ್ಲ. ತೇಲುವ ಬಲದ ಕೇಂದ್ರ ಭಾರಕೇಂದ್ರಕ್ಕಿಂತ ಎಷ್ಟು ಮೇಲಿದೆ ಅನ್ನೋದೊಂದೇ ಹಿಡಿತ. ನಮ್ಮ 2000 ಕೆ.ಜಿ. ಸಬ್‌ಮರೀನಿನಲ್ಲಿ ಅದು 10 ಸೆಂ.ಮೀ. ಇದ್ದು, 50 ಲೀಟರ್ ನೀರು ಅರ್ಧ ಮೀಟರ್ ಮುಂದಕ್ಕೆ ಜಾರಿದರೆ ಮೂಗು 7 ಡಿಗ್ರಿ ವಾಲುತ್ತೆ. ವಾಲಿದರೆ ನೀರು ಇನ್ನೂ ಮುಂದಕ್ಕೆ ಜಾರುತ್ತೆ. ಹಾಗಾಗಿ ಟ್ಯಾಂಕ್ ಗಿಡ್ಡ ಇರಬೇಕು, ಮಧ್ಯದಲ್ಲಿರಬೇಕು, ಒಳಗೆ ಅಡ್ಡಗೋಡೆ ಇರಬೇಕು.

ಇದನ್ನ ಮಾಡದೇ ಹೋದರೆ ಏನಾಗುತ್ತೆ ಅಂತ 1851ರ ಫೆಬ್ರವರಿ 1ರಂದು ಜರ್ಮನಿಯ ಕೀಲ್ ಬಂದರಿನಲ್ಲಿ ಗೊತ್ತಾಯ್ತು. ವಿಲ್ಹೆಲ್ಮ್ ಬಾವರ್ ಅನ್ನೋರ ಬ್ರಾಂಡ್‌ಟೌಖರ್ ಸಬ್‌ಮರೀನಿನ ಮೊದಲ ಡಿಸೈನಿನಲ್ಲಿ ಬ್ಯಾಲಸ್ಟ್ ಟ್ಯಾಂಕ್ ಇತ್ತು. ದುಡ್ಡು ಉಳಿಸೋಕೆ ಅದನ್ನ ಕೈಬಿಟ್ಟು, ನೀರನ್ನ ನೇರವಾಗಿ ಒಳಗಿನ ತಳಕ್ಕೇ ಬಿಡೋದು ಅಂತಾಯ್ತು. ಮುಳುಗೋ ಹೊತ್ತಿಗೆ ಆ ನೀರು ಹಿಂದಕ್ಕೆ ಜಾರಿ, ಬಾಲ ಕೆಳಗಾಗಿ ಸಬ್‌ಮರೀನ್ ಸಮುದ್ರದ ತಳಕ್ಕೆ ಹೋಯ್ತು. ಒಳಗಿದ್ದ ಮೂರು ಜನರನ್ನ ಬದುಕಿಸಿದ್ದು ಬಾವರ್‌ಗೆ ಗೊತ್ತಿದ್ದ ಫಿಸಿಕ್ಸ್. ಹೊರಗಿನ ಒತ್ತಡದಲ್ಲಿ ಮುಚ್ಚಳ ತೆಗೆಯೋಕಾಗಲ್ಲ, ಆದ್ದರಿಂದ ಇನ್ನೂ ನೀರು ಒಳಗೆ ಬಿಟ್ಕೊಂಡು, ಒಳಗಿನ ಗಾಳಿ ಕುಗ್ಗಿ ಒತ್ತಡ ಸಮ ಆಗೋವರೆಗೂ ಗಂಟೆಗಟ್ಟಲೆ ಕಾದು, ಆಮೇಲೆ ಮುಚ್ಚಳ ತೆಗೆದು ಮೂವರೂ ಮೇಲೆ ಬಂದ್ರು. ಮುಳುಗ್ತಿರೋ ಸಬ್‌ಮರೀನಿನಲ್ಲಿ ಜೊತೆಗಾರರಿಗೆ "ಇನ್ನೂ ನೀರು ಬಿಡೋಣ" ಅಂತ ಒಪ್ಪಿಸಿದ್ದು ಹೇಗೋ ಏನೋ. ಆ ಸಬ್‌ಮರೀನ್ ಈಗ ಡ್ರೆಸ್ಡನ್‌ನ ಸೇನಾ ಮ್ಯೂಸಿಯಮ್‌ನಲ್ಲಿದೆ. ಒಂದೇ ಟ್ಯಾಂಕಲ್ಲಿ ಎಲ್ಲಾ ಮಾಡಿ 400 ರೂಪಾಯಿ ಉಳಿಸೋಕೆ ಹೋದ ನಮಗೆ ಈ ಕಥೆ ಸ್ವಲ್ಪ ಚುಚ್ಚಿತು.

ಅಮೆರಿಕದ ಅಂತರ್ಯುದ್ಧದ ಕಾಲದ ಹನ್ಲಿ ಸಬ್‌ಮರೀನಿಗೆ ಟ್ಯಾಂಕುಗಳಿದ್ದವು. ಆದರೆ ಮುಂದೊಂದು, ಹಿಂದೊಂದು ಇದ್ದ ಆ ಟ್ಯಾಂಕಿನ ಗೋಡೆ ಚಾವಣಿಯವರೆಗೂ ಇರಲಿಲ್ಲ, ಮೇಲ್ಗಡೆ ಖಾಲಿ. 1863ರ ಅಕ್ಟೋಬರ್ 15ರಂದು ಚಾರ್ಲ್ಸ್‌ಟನ್‌ನಲ್ಲಿ ಅದು ಮುಳುಗಿ, ಅದಕ್ಕೆ ತನ್ನ ಹೆಸರು ಕೊಟ್ಟ ಹೊರೇಸ್ ಹನ್ಲಿ ಸೇರಿ 8 ಜನ ಸತ್ತರು. ಮೇಲೆತ್ತಿ ನೋಡಿದಾಗ ಮುಂದಿನ ಟ್ಯಾಂಕಿನ ವಾಲ್ವ್ ತೆರೆದೇ ಇತ್ತು. ಟ್ಯಾಂಕ್ ತುಂಬಿ, ಗೋಡೆ ಮೀರಿ, ನೀರು ಜನ ಕೂತ ಜಾಗಕ್ಕೇ ಬಂದಿತ್ತು. ತಳದಲ್ಲಿ ಕಬ್ಬಿಣದ ತೂಕಗಳಿದ್ದವು, ಒಳಗಿಂದ ಬೋಲ್ಟ್ ತಿರುಗಿಸಿದರೆ ಅವು ಕಳಚಿ ಬೀಳಬೇಕಿತ್ತು. ಬೋಲ್ಟುಗಳನ್ನ ಸ್ವಲ್ಪ ತಿರುಗಿಸಿದ್ದು ಕಾಣ್ತಿತ್ತು. ಪೂರ್ತಿ ತಿರುಗಿಸೋಕೆ ಆಗಿರಲಿಲ್ಲ.

ಆ ಅರ್ಧ ತಿರುಗಿದ ಬೋಲ್ಟ್ ಬಗ್ಗೆ ಓದಿದ ಮೇಲೆ ನಾವು ಡ್ರಾಪ್ ವೇಟ್ ಬಗ್ಗೆ ಯೋಚನೆ ಮಾಡೋ ರೀತಿಯೇ ಬದಲಾಯ್ತು. ಐಡಿಯಾ ಹಳೇದು. ಡೇವಿಡ್ ಬುಶ್‌ನೆಲ್ ಯೇಲ್ ಕಾಲೇಜಿನ ವಿದ್ಯಾರ್ಥಿ. 1775ರಲ್ಲಿ ಓದು ಮುಗಿಸಿದವನು ಕಟ್ಟಿದ ಟರ್ಟಲ್ ಸಬ್‌ಮರೀನಿನಲ್ಲಿ ಕಾಲಿನಿಂದ ಒತ್ತೋ ವಾಲ್ವಿಂದ ನೀರು ಒಳಗೆ, ಕೈಪಂಪಿಂದ ಹೊರಗೆ, ಅವಸರಕ್ಕೆ ಅಂತ ಒಳಗಿಂದಲೇ ಕೆಳಗಿಳಿಸಬಹುದಾದ 200 ಪೌಂಡ್ ಸೀಸ, ಅಂದ್ರೆ 90 ಕೆ.ಜಿ. ನಮ್ಮ 2000 ಕೆ.ಜಿ. ಸಬ್‌ಮರೀನಿಗೆ 150 ಕೆ.ಜಿ. ಇಟ್ಟರೆ, ಸೀಸವೂ 13 ಲೀಟರ್ ನೀರು ಪಲ್ಲಟಿಸ್ತಾ ಇರೋದರಿಂದ ಬಿಟ್ಟಾಗ ಸಿಗೋ ಎತ್ತುವ ಬಲ 137 ಕೆ.ಜಿ. ಹಾರ್ಡ್ ಟ್ಯಾಂಕ್ 40 ಲೀಟರ್ ತುಂಬಿ ಖಾಲಿಯಾಗದೇ ಕೂತರೂ, ಕ್ಯಾಬಿನ್ನಿಗೆ ಐದಾರು ಬಕೆಟ್ ನೀರು ಬಂದಿದ್ದರೂ ಮೇಲೆ ಬರಬಹುದು. ಆದರೆ ಅದು ಕರೆಂಟ್ ಇಲ್ಲದೆ, ಗಾಳಿ ಇಲ್ಲದೆ, ಕತ್ತಲಲ್ಲಿ, ಒಂದೇ ಕೈಯಿಂದ, ಸಬ್‌ಮರೀನ್ ಹೇಗೆ ವಾಲಿದ್ದರೂ ಕಳಚಬೇಕು. ಹತ್ತು ಸುತ್ತು ತಿರುಗಿಸೋ ಬೋಲ್ಟ್ ಆಗಬಾರದು.

ನಮ್ಮ ಮಾಡೆಲ್ ಈಗ ಎರಡನೇ ವರ್ಷನ್‌ಗೆ ಬಂದಿದೆ. ಬಾಟಲಿಗಳು ಹಾಗೇ ಇವೆ, ಈಗ ಪೂರ್ತಿ ನೀರು ತುಂಬಿಸ್ತೀವಿ. ಒಳಗೆ 60 ಮಿ.ಲೀ. ಸಿರಿಂಜ್ ಒಂದನ್ನ ಚಿಕ್ಕ ಮೋಟಾರಿಗೆ ಜೋಡಿಸಿದ್ದೀವಿ, ಅದೇ ನಮ್ಮ ಹಾರ್ಡ್ ಟ್ಯಾಂಕ್. ಹೋದ ಶನಿವಾರ ಒಂದು ಮೀಟರ್ ಆಳದಲ್ಲಿ 40 ಸೆಕೆಂಡ್ ನಿಂತಿತ್ತು. ಪೂಲ್ ಅಣ್ಣನೇ ಫೋನಿನಲ್ಲಿ ಟೈಮ್ ನೋಡಿ ಹೇಳಿದ್ದು. ಡ್ರಾಪ್ ವೇಟ್ ಮಾತ್ರ ಇನ್ನೂ ಆಗಿಲ್ಲ. ಮೊಳೆಗಳ ಕಟ್ಟು, ಒಂದು ಪಿನ್, ಒಂದು ದಾರ. ನೇರ ಇದ್ದಾಗ ಎಳೆದ ತಕ್ಷಣ ಬೀಳುತ್ತೆ. ಮೂಗು 30 ಡಿಗ್ರಿ ವಾಲಿಸಿ ಎಳೆದರೆ ಪಿನ್ ಸಿಕ್ಕಿಹಾಕ್ಕೊಳ್ತಿದೆ.